‘ಎವ್ರಿಡೇ ಯೂಸ್’ ಪಾಠಕ್ಕೆ ಕೌದಿ ತಂದರೆ ಸಾಕೇ?

ಪ್ರಶ್ನೆ, ಧಾರವಾಡದಿಂದ:
ಬಿ.ಎ. ತರಗತಿಗೆ ಅಮೆರಿಕದ ಕಪ್ಪು ಲೇಖಕಿ ಆಲಿಸ್ ವಾಕರ್ ಅವರ ‘ಎವ್ರಿಡೇ ಯೂಸ್’ (1973) ಕಥೆ ಪಾಠವಾಗಿದೆ, ಸಿಗುವುದು ನಾಲ್ಕು ಪಿರಿಯಡ್. ತಂಗಿ ಮ್ಯಾಗಿಗೆಂದು ಎತ್ತಿಟ್ಟ ಅಜ್ಜಿಯ ಕೌದಿಗಳನ್ನು ಅಕ್ಕ ಡೀ ಕೇಳುತ್ತಾಳೆ, ತಾಯಿ ಕೊಡುವುದಿಲ್ಲ; ಇದೇ ಕಥೆಯ ಜಗಳ. ಸ್ತ್ರೀವಾದಿ ಓದನ್ನು ಇಲ್ಲಿಂದಲೇ ಶುರು ಮಾಡುವ ಆಸೆ. ಆದರೆ ತರಗತಿ ತಕ್ಷಣ ತೀರ್ಪು ಕೊಟ್ಟುಬಿಡುತ್ತದೆ: ಓದಿದ ಡೀಗೆ ಸೊಕ್ಕು, ಮನೆಯಲ್ಲೇ ಉಳಿದ ಮ್ಯಾಗಿ ಗುಣವಂತೆ. ಹಳ್ಳಿಯಿಂದ ಬಸ್ ಹತ್ತಿ ಕಾಲೇಜಿಗೆ ಬರುವ ಹುಡುಗಿಯರೇ ಹೀಗೆನ್ನುವುದು ಹೆಚ್ಚು ಸಂಕಟ. ಕೌದಿ ತಂದು ತೋರಿಸಿದರೆ ಚರ್ಚೆ ಎದ್ದೀತೇ?

ಉತ್ತರ 1, ಹುಬ್ಬಳ್ಳಿ:
ತನ್ನಿ. ಮೊದಲ ಪಿರಿಯಡ್‌ನಲ್ಲಿ ಸಿದ್ಧಾಂತ ಬೇಡವೇ ಬೇಡ. ಕೌದಿ ಮೇಜಿನ ಮೇಲೆ ಹಾಸಿ, ಯಾವ ತುಂಡು ಸೀರೆಯದು, ಯಾವುದು ಧೋತರದ್ದು ಎಂದು ಅವರೇ ಮುಟ್ಟಿ ಗುರುತಿಸಲಿ. ಆಮೇಲೆ ಕಥೆಯ ಆ ಒಂದೇ ಪ್ಯಾರಾ ಓದಿಸಿ: ಅಜ್ಜಿಯ ಉಡುಪಿನ ಚೂರುಗಳು, ಅಜ್ಜನ ಅಂಗಿಯ ತುಣುಕುಗಳು, ಕೊನೆಗೆ ಕಡ್ಡಿಪೆಟ್ಟಿಗೆಯಷ್ಟೇ ಗಾತ್ರದ ಮಾಸಿದ ನೀಲಿ ಬಟ್ಟೆ. ಅದು ಮುತ್ತಜ್ಜ ಎಜ್ರಾ, ಗುಲಾಮಗಿರಿಯ ಪ್ರಶ್ನೆಯ ಮೇಲೆ ನಡೆದ ಅಮೆರಿಕದ ಅಂತರ್ಯುದ್ಧದಲ್ಲಿ ತೊಟ್ಟ ಸಮವಸ್ತ್ರದ್ದು. ಆ ನೀಲಿಯ ಹತ್ತಿರ ಪೂರ್ತಿ ನಿಲ್ಲಿ.
ಎರಡನೇ ಪಿರಿಯಡ್ ನಿರೂಪಕಿಗೆ. ಡೀಯನ್ನು ನಾವು ನೋಡುವುದು ತಾಯಿಯ ಕಣ್ಣಿನಿಂದ ಮಾತ್ರ. ಎರಡನೇ ಇಯತ್ತೆ ಮುಗಿಯುತ್ತಲೇ ತಾಯಿಯ ಶಾಲೆ ಮುಚ್ಚಿತು. ಯಾಕೆಂದು ಕೇಳಬೇಡಿ, 1927ರಲ್ಲಿ ಕರಿಯರು ಈಗಿನಷ್ಟು ಪ್ರಶ್ನೆ ಕೇಳುತ್ತಿರಲಿಲ್ಲ ಎನ್ನುತ್ತಾಳೆ. ಈ ಸಾಲು ಸಿಕ್ಕ ಮೇಲೆ ಕೌದಿಯ ಜಗಳವನ್ನು ಡೀಯ ಬಾಯಲ್ಲಿ, ಕನ್ನಡದಲ್ಲೇ, ಹತ್ತು ಸಾಲು ಬರೆಸಿ. ಸೊಕ್ಕು ಅಂದವರೇ ತಡವರಿಸುತ್ತಾರೆ.

ಉತ್ತರ 2, ಗದಗ:
ಕೌದಿ ತರ್ರಿ, ಆದ್ರ ‘ನಮ್ಮಲ್ಲೂ ಹಿಂಗ ಐತಿ’ ಅನ್ನೂದಕ್ಕ ನಿಲ್ಲಿಸಬ್ಯಾಡ್ರಿ. ಅಲ್ಲಿಗೆ ನಿಂತ್ರ ಗುಲಾಮಗಿರಿ, ವರ್ಣಭೇದ ಎರಡೂ ಮಾಯ ಆಗ್ತಾವು. ಕಪ್ಪು ಸ್ತ್ರೀವಾದಿ ವಿಮರ್ಶಕಿ ಬಾರ್ಬರಾ ಸ್ಮಿತ್ 1977ರ ಲೇಖನದಾಗ ಎತ್ತಿದ ತಕರಾರು ಇದರ ಹತ್ತಿರದ್ದು: ಕಪ್ಪು ಲೇಖಕಿಯರನ್ನ ಬಿಳಿ ಸ್ತ್ರೀವಾದಿಗಳೂ ಬಿಟ್ಟರು, ಕಪ್ಪು ಗಂಡಸರೂ ಬಿಟ್ಟರು.
ಮೂರನೇ ಪಿರಿಯಡ್‌ಗೆ ವಾಕರ್ ಅವರ 1974ರ ‘ಇನ್ ಸರ್ಚ್ ಆಫ್ ಅವರ್ ಮದರ್ಸ್ ಗಾರ್ಡನ್ಸ್’ ಪ್ರಬಂಧದ ಎರಡು ಪುಟ ಸಾಕು. ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಾಗ ತೂಗುಬಿಟ್ಟ ಒಂದು ಕೌದಿ ಅದರಾಗ ಬರ್ತೈತಿ; ಹೊಲಿದಾಕಿ ಅಲಬಾಮಾದ ಹೆಸರಿಲ್ಲದ ಕಪ್ಪು ಹೆಂಗಸು. ಗ್ವಾಡಿಗೆ ತೂಗಹಾಕ್ತೀನಿ ಅನ್ನೂ ಡೀಯ ಮಾತು ಈಗ ಬ್ಯಾರೆನ ಕೇಳಿಸ್ತೈತಿ. ಮ್ಯಾಗಿಗೆ ಹೊಲಿಯಾಕ ಬರ್ತೈತಿ, ಕೌದಿ ಇಲ್ಲದನೂ ಅಜ್ಜಿ ನೆನಪಿರ್ತಾಳ ಅಂತಾಳ. ಡೀ ಮಾತು, ಮ್ಯಾಗಿ ಮಾತು ಎರಡೂ ಬೋರ್ಡಿನ ಮ್ಯಾಲ ಅಕ್ಕಪಕ್ಕ ಬರೀರಿ.

ಪ್ರಶ್ನೆ ಕೇಳಿದವರು:
ನಾಲ್ಕನೆಯದು ಬರವಣಿಗೆಗೆ. ‘ಡೀ, ಮ್ಯಾಗಿ ಹೋಲಿಸಿ’ ಎಂದು ಕೊಡಲೇ?

ಉತ್ತರ 1:
ಬೇಡ, ಹಳೇ ತೀರ್ಪೇ ಮರಳಿ ಬರುತ್ತದೆ. ‘ಕೌದಿ ಯಾರದು ಎಂದು ಹೇಳುವ ಅಧಿಕಾರ ಕಥೆಯಲ್ಲಿ ಯಾರ ಕೈಯಲ್ಲಿದೆ? ಮೂರು ಸಾಲು ಉದ್ಧರಿಸಿ ವಿವರಿಸಿ’ ಎಂದು ಕೊಡಿ.