ಹುಲ್ಲು ಕತ್ತರಿಸುವ ಮೂವರ್‌ನ ಟೆಂಪರೇಚರ್ ಸೆನ್ಸರ್ ಹೋಗಿದೆಯಾ ಅಂತ ನೋಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಅಣ್ಣಾ. ಊರು ವಿಜಯಪುರ, ಈಗ ಪುಣೆಯ ಬಾಣೇರ್‌ನಲ್ಲಿ ಒಂದು ದೊಡ್ಡ ಸೊಸೈಟಿಯ ಲಾನ್ ನೋಡಿಕೊಳ್ಳುತ್ತೇನೆ. ನಮ್ಮದು ಮೇಲೆ ಕೂತು ಓಡಿಸುವ ಡೀಸೆಲ್ ಮೂವರ್, ರೇಡಿಯೇಟರ್ ಇರುವ ಇಂಜಿನ್. ಮಳೆಗೆ ಹುಲ್ಲು ದಟ್ಟವಾಗಿ ಬೆಳೆದಿದೆ. ಅರ್ಧ ಗಂಟೆ ಓಡಿಸಿದರೆ ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗುತ್ತದೆ. ಕೂಲಂಟ್ ತುಂಬಿದೆ. ಸೆನ್ಸರ್ ಹೋಗಿದೆ, ಹೊಸದು ಹಾಕಿ ಅಂತ ಅಂಗಡಿಯವರು ಹೇಳುತ್ತಿದ್ದಾರೆ. ಹಾಕಿಸಲಾ? ನನ್ನ ಹತ್ತಿರ ಮಲ್ಟಿಮೀಟರ್ ಇದೆ.

ಉತ್ತರ: ನಮಸ್ಕಾರ. ಈಗಲೇ ಹಾಕಿಸಬೇಡಿ. ಇಂಜಿನ್ ನಿಜವಾಗಿಯೂ ಕಾಯುತ್ತಿರಬಹುದು. ಹಾಗಿದ್ದರೆ ಹೊಸ ಸೆನ್ಸರ್ ಕೂಡ ಅದನ್ನೇ ತೋರಿಸುತ್ತದೆ, ನೀವು ನಂಬದೆ ಓಡಿಸಿದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ ಕೆಳಗಿನ ಸೀಲ್) ಹೋಗುತ್ತದೆ.

ಬೆಳಿಗ್ಗೆ ತಣ್ಣಗಿರುವ ಇಂಜಿನ್‌ಗೆ ಕೀ ಹಾಕಿದ ಕೂಡಲೇ ಮುಳ್ಳು ಕೆಂಪಿಗೆ ಹಾರಿದರೆ ಸೆನ್ಸರ್ ಅಥವಾ ವೈರ್ ಮೇಲೆ ಅನುಮಾನ ಪಡಬಹುದು. ನಿಮ್ಮದು ನಿಧಾನವಾಗಿ, ದಟ್ಟ ಹುಲ್ಲಿನಲ್ಲಿ ಏರುತ್ತಿದೆ. ನನಗೆ ಮೊದಲ ಅನುಮಾನ ರೇಡಿಯೇಟರ್ ಜಾಲರಿಯ ಮೇಲೆ. ಹಸಿ ಹುಲ್ಲಿನ ಚೂರು ಅಲ್ಲಿ ಅಂಟಿಕೊಂಡರೆ ಗಾಳಿಯೇ ಒಳಗೆ ಹೋಗುವುದಿಲ್ಲ. ಇಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಫ್ಯಾನ್ ಕಡೆಯಿಂದ ಹೊರಗೆ ಗಾಳಿ ಹೊಡೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿಯಬೇಡಿ, ರೇಡಿಯೇಟರ್ ಫಿನ್ ಮಡಚಿಕೊಳ್ಳುತ್ತವೆ. ಫ್ಯಾನ್ ಬೆಲ್ಟ್ ಸಡಿಲ ಇದೆಯಾ ಅಂತಲೂ ನೋಡಿ.

ಆಮೇಲೆ ಗಾಡಿ ಓಡಿಸಿ, ಮುಳ್ಳು ಏರಿದಾಗ ಇನ್ಫ್ರಾರೆಡ್ ಥರ್ಮಾಮೀಟರ್‌ನಿಂದ ಥರ್ಮೋಸ್ಟಾಟ್ (ಕೂಲಂಟ್ ಹರಿವು ನಿಯಂತ್ರಿಸುವ ವಾಲ್ವ್) ಹತ್ತಿರದ ಬಿಸಿ ನೋಡಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ. ಅದಕ್ಕೆ ಮೊದಲೇ ಅಲ್ಲೊಂದು ಕಪ್ಪು ಟೇಪ್ ಅಂಟಿಸಿಡಿ. ಅಲ್ಲಿ 85 ಡಿಗ್ರಿ ಇದ್ದು ಮುಳ್ಳು ಮಾತ್ರ ಕೆಂಪಿನಲ್ಲಿದ್ದರೆ, ಆಗ ಸೆನ್ಸರ್ ಬಿಚ್ಚಿ.

ಪ್ರಶ್ನೆ: ಜಾಲರಿ ಹುಲ್ಲಿನಿಂದ ಮುಚ್ಚಿಹೋಗಿತ್ತು ಅಣ್ಣಾ! ಈಗ ಮುಳ್ಳು ಮಧ್ಯದಲ್ಲೇ ನಿಂತಿದೆ. ಆದರೂ ಸೆನ್ಸರ್ ಪರೀಕ್ಷೆ ಕಲಿಯಬೇಕು. ನಮ್ಮದರಲ್ಲಿ ಎರಡು ಇವೆ: ಮುಳ್ಳಿಗೆ ಒಂದು, ಅಲಾರಂ ಲೈಟ್‌ಗೆ ಒಂದು.

ಉತ್ತರ: ಒಳ್ಳೆಯದಾಯ್ತು. ಎರಡನ್ನೂ ಒಂದೇ ರೀತಿ ನೋಡಬಾರದು.

ಮುಳ್ಳಿನದ್ದರ ಒಳಗೆ ಸಾಮಾನ್ಯವಾಗಿ ಥರ್ಮಿಸ್ಟರ್ ಇರುತ್ತದೆ. ಬಿಸಿ ಏರಿದಂತೆ ಅದರ ಓಮ್, ಅಂದರೆ ಕರೆಂಟ್‌ಗೆ ಒಡ್ಡುವ ತಡೆ, ಇಳಿಯುತ್ತದೆ. ತಣ್ಣಗಿನ ಇಂಜಿನ್‌ನಿಂದ ಬಿಚ್ಚಿ, ತುದಿ ಮಾತ್ರ ನೀರಲ್ಲಿ ಮುಳುಗುವಂತೆ ತೂಗುಹಾಕಿ. ಪಾತ್ರೆಯ ತಳಕ್ಕೆ ತಾಗಬಾರದು, ತಳ ನೀರಿಗಿಂತ ಬಿಸಿ ಇರುತ್ತದೆ. ಒಂದೇ ಪಿನ್ ಇದ್ದರೆ ಮೀಟರ್‌ನ ಒಂದು ಕಡ್ಡಿ ಪಿನ್‌ಗೆ, ಇನ್ನೊಂದು ಹಿತ್ತಾಳೆ ಮೈಗೆ. ಎರಡು ಪಿನ್ ಇದ್ದರೆ ಎರಡಕ್ಕೂ ಒಂದೊಂದು. ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ನೀರು ಕಾಯಿಸಿ. ಅನೇಕ ಸೆನ್ಸರ್‌ಗಳು 20 ಡಿಗ್ರಿಯಲ್ಲಿ ಸುಮಾರು 2,500 ಓಮ್, 80ರಲ್ಲಿ 300ರ ಆಸುಪಾಸು ತೋರಿಸುತ್ತವೆ. ಬೇರೆ ಲೆಕ್ಕದವೂ ಇವೆ, ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದ್ದೇ ಕೊನೆಯ ಮಾತು. ಓಮ್ ಸಲೀಸಾಗಿ ಇಳಿಯಬೇಕು. ನಡುವೆ ಜಿಗಿದರೆ, ಅಥವಾ ಮೀಟರ್ ಓಎಲ್ (OL, ಅಂದರೆ ಒಳಗೆ ಸಂಪರ್ಕವೇ ಇಲ್ಲ ಎಂಬ ಗುರುತು) ತೋರಿಸಿದರೆ ಸೆನ್ಸರ್ ಹೋಗಿದೆ.

ಪ್ರಶ್ನೆ: ಮುಳ್ಳಿನದ್ದು ಸರಿ ಇದೆ. ಅಲಾರಂದು ಕುದಿಯುವ ನೀರಲ್ಲೂ ಓಎಲ್ ಬಿಟ್ಟು ಕದಲಲಿಲ್ಲ. ಹೋಗಿದೆ ಅಲ್ವಾ?

ಉತ್ತರ: ಹಾಗನ್ನಬೇಡಿ. ಅದು ಥರ್ಮಿಸ್ಟರ್ ಅಲ್ಲ, ಸ್ವಿಚ್. ಇಂಥವುಗಳ ಒಳಗಿನ ಸಂಪರ್ಕ ಹೆಚ್ಚಾಗಿ 100 ಡಿಗ್ರಿ ದಾಟಿದ ಮೇಲೆ ಕೂಡುತ್ತದೆ. ಪುಣೆ ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು 98ರ ಸುಮಾರಿಗೇ ಕುದಿಯುತ್ತದೆ. ಎಷ್ಟು ಹೊತ್ತು ಕುದಿಸಿದರೂ ಬಿಸಿ ಅದಕ್ಕಿಂತ ಏರುವುದಿಲ್ಲ. ಸ್ವಿಚ್ ಚೆನ್ನಾಗಿ ಒರೆಸಿ ಒಣಗಿಸಿ, ಅಡುಗೆ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ನೋಡಿ. ಒಂದು ಹನಿ ನೀರಿದ್ದರೂ ಎಣ್ಣೆ ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಸ್ವಿಚ್ ಮೇಲೆ ಬರೆದ ಡಿಗ್ರಿಯ ಹತ್ತಿರ ಮೀಟರ್ ಸೊನ್ನೆಗೆ ಬಂದರೆ ಸ್ವಿಚ್ ಸರಿ ಇದೆ.

ಮತ್ತೆ ಕೂರಿಸುವಾಗ ಒಂದು ಪಿನ್ನಿನದ್ದಕ್ಕೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಬೇಡಿ. ಅದರ ಅರ್ಥಿಂಗ್ ಆ ಥ್ರೆಡ್ ಮೂಲಕವೇ ಆಗುತ್ತದೆ. ಆಮೇಲೆ ಕೂಲಂಟ್ ತುಂಬಿ, ಒಳಗಿನ ಗಾಳಿ ಪೂರ್ತಿ ತೆಗೆಯಿರಿ. ಸೆನ್ಸರ್ ತುದಿಗೆ ಕೂಲಂಟ್ ಬದಲು ಗಾಳಿ ಸಿಕ್ಕರೆ ಇಂಜಿನ್ ಕುದಿಯುತ್ತಿದ್ದರೂ ಮುಳ್ಳು ಕೆಳಗೇ ಇರುತ್ತದೆ.