ಸಹಾಯ ಬೇಕು: ಪುಟ್ಟ ಮಕ್ಕಳೊಂದಿಗೆ ಮೈಸೂರಿನಲ್ಲಿ ಒಂದು ದಿನ

ಸದಸ್ಯರೆಲ್ಲರಿಗೂ ನಮಸ್ಕಾರ.

ಮುಂದಿನ ತಿಂಗಳ ಒಂದು ಭಾನುವಾರ ಐದು ವರ್ಷದ ಮಗಳು, ಎರಡು ವರ್ಷದ ಮಗ ಹಾಗೂ ಮೊಣಕಾಲು ನೋವಿರುವ ಅತ್ತೆಯವರೊಂದಿಗೆ ಬೆಂಗಳೂರಿನಿಂದ ಬೆಳಗಿನ ರೈಲಿನಲ್ಲಿ ಮೈಸೂರಿಗೆ ಹೋಗಿ, ರಾತ್ರಿ ಹಿಂತಿರುಗಬೇಕೆಂದಿದ್ದೇವೆ. ಭಾನುವಾರ ಜನಸಂದಣಿ ಹೆಚ್ಚೆಂಬುದು ಗೊತ್ತಿದ್ದರೂ, ಅಂದು ಸಂಜೆ ಅರಮನೆಯ ದೀಪಾಲಂಕಾರವಿರುವುದರಿಂದ ಆ ದಿನವನ್ನೇ ಆರಿಸಿಕೊಂಡಿದ್ದೇವೆ.

ಬೆಳಿಗ್ಗೆ ಮೃಗಾಲಯವೆಂಬುದು ಖಚಿತ. 1892ರಲ್ಲಿ ಆರಂಭವಾದ ಈ ಮೃಗಾಲಯವನ್ನು ಪೂರ್ತಿ ಸುತ್ತಲು ಸುಮಾರು 3 ಕಿಲೋಮೀಟರ್ ನಡೆಯಬೇಕಾಗುವುದರಿಂದ ಅತ್ತೆಯವರಿಗೆ ಬ್ಯಾಟರಿ ವಾಹನವೇ ಸೂಕ್ತವೆನಿಸುತ್ತದೆ. ಆದರೆ ಅದರಲ್ಲಿ ಕುಳಿತರೆ ಮಗಳಿಗೆ ಜಿರಾಫೆಯ ಮುಂದೆ ಮನಸೋಇಚ್ಛೆ ನಿಲ್ಲಲಾಗದು. (ಮಗನ ಚಿಂತೆಯಿಲ್ಲ, ಅವನು ಆನೆಗಿಂತ ನೀರಿನ ನಲ್ಲಿಯನ್ನೇ ಹೆಚ್ಚು ಹೊತ್ತು ನೋಡುವವನು.) ಮಗುವಿನ ತಳ್ಳುಗಾಡಿ ಒಳಗೆ ಸಲೀಸಾಗಿ ಸಾಗುತ್ತದೆಯೇ? ಡೈಪರ್ ಬದಲಿಸಲು ಶುಚಿಯಾದ ಜಾಗ ಯಾವ ಭಾಗದಲ್ಲಿದೆ?

ನಿಜವಾದ ಗೊಂದಲವಿರುವುದು ಮಧ್ಯಾಹ್ನದ ಕುರಿತು. ರೈಲ್ವೆ ನಿಲ್ದಾಣದ ಸಮೀಪದ ರೈಲು ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್‌ಗಳನ್ನು ನೋಡಿ, ಪುಟಾಣಿ ರೈಲಿನಲ್ಲಿ ಸುತ್ತು ಹೊಡೆಯುವುದು ಒಂದು ಆಯ್ಕೆ. ಬಂಡೆಗಳ ಮೇಲೆ ಬಾಯ್ತೆರೆದು ಮಲಗಿದ ಮೊಸಳೆಗಳನ್ನು ನೋಡಲೇಬೇಕೆಂದು ಹಟ ಹಿಡಿದಿರುವ ಮಗಳಿಗಾಗಿ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟಿಗೆ ಹೋಗುವುದು ಇನ್ನೊಂದು. ನನ್ನ ಮಟ್ಟಿಗೆ ಎರಡೂ ಸೇರಿದರೆ ಮಕ್ಕಳಿಗೆ ಅತಿಯಾಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಎರಡು ವರ್ಷದ ಮಗುವಿಗೆ ಹೊಂದುವ ಜೀವರಕ್ಷಕ ಜಾಕೆಟ್ ಸಿಗುತ್ತದೆಯೇ, ಭಾನುವಾರ ಸರತಿಯಲ್ಲಿ ಎಷ್ಟು ಹೊತ್ತು ಕಾಯಬೇಕಾದೀತು ಎಂಬುದನ್ನು ಇತ್ತೀಚೆಗೆ ಮಕ್ಕಳೊಂದಿಗೆ ಹೋಗಿಬಂದವರು ದಯವಿಟ್ಟು ತಿಳಿಸಬೇಕು. ಖಾರವಿಲ್ಲದ ಊಟ ಸಿಗುವ, ಮಗುವನ್ನು ಸ್ವಲ್ಪ ಹೊತ್ತು ಮಲಗಿಸಲು ಅನುಕೂಲವಿರುವ ಹೋಟೆಲು ಅರಮನೆಯ ಆಸುಪಾಸಿನಲ್ಲಿದ್ದರೆ ಅದನ್ನೂ ಸೂಚಿಸಿದರೆ ಉಪಕಾರವಾಗುತ್ತದೆ.