ಮೂರೇ ವಾರಕ್ಕೆ ಕಾಟ್ಲಾ ಹತ್ತಿಯಂತಾಯಿತು, ತಪ್ಪು ಯಾರದು?

ಹೊಳೆದಂಡೆ, ಮುನಿರಾಬಾದ್:
ಕಳೆದ ತಿಂಗಳು ತುಂಗಭದ್ರೆಯ ಹಿನ್ನೀರಿನಲ್ಲಿ ಗಾಳಕ್ಕೆ ನಾಲ್ಕು ಕಿಲೋ ಕಾಟ್ಲಾ ಬಿತ್ತು. ಅರ್ಧವನ್ನು ಅಂದೇ ಸಾರು ಮಾಡಿ ರೊಟ್ಟಿಯ ಜೊತೆ ಉಂಡೆವು. ಉಳಿದದ್ದಕ್ಕೆ ಉಪ್ಪು, ಅರಿಸಿನ ಸವರಿ, ಕವರಿಗೆ ಹಾಕಿ ಫ್ರೀಜರ್‌ನಲ್ಲಿಟ್ಟೆ. ಮೂರು ವಾರದ ಮೇಲೆ ತೆಗೆದರೆ ಅಂಚೆಲ್ಲ ಬಿಳಿಚಿ ಹತ್ತಿಯಂತಾಗಿತ್ತು. ಹೊಟ್ಟೆಯ ಭಾಗದ ತುಂಡುಗಳಿಗೆ ಹಳೆಯ ಎಣ್ಣೆಯ ವಾಸನೆ. ಹೆಂಡತಿ ಫ್ರಿಜ್ ಬದಲಿಸೋಣ ಎನ್ನುತ್ತಾಳೆ.

ಗಂಗಾವತಿ ಅಡುಗೆಮನೆ:
ಫ್ರಿಜ್ ಇರಲಿ ಅಣ್ಣಾ, ಉಪ್ಪು ಬಿಡಿ. ಫ್ರೀಜರ್‌ನಲ್ಲಿಯೂ ಮೀನಿನ ಕೊಬ್ಬು ಗಾಳಿ ತಾಗಿ ಕಮಟಾಗುತ್ತದೆ, ಉಪ್ಪು ಅದಕ್ಕೆ ಇನ್ನಷ್ಟು ಅವಸರ ಮಾಡುತ್ತದೆ. ಅಂಚು ಬಿಳಿಚಿದ್ದು ಒಣಗಿದ್ದರಿಂದ. ಕವರಿನೊಳಗೆ ಗಾಳಿ ಉಳಿದರೆ ಮೀನಿನ ಮೇಲಿನ ಮಂಜು ಕರಗದೆಯೇ ಆವಿಯಾಗಿ ಹೋಗುತ್ತದೆ.

ರಾಯಚೂರು ಬಿಸಿಲು:
ಒಪ್ಪುವುದಿಲ್ಲ ಅಕ್ಕಾ. ಒಣಮೀನು ಕೆಡದೆ ಉಳಿಯುವುದೇ ಉಪ್ಪಿನಿಂದ ಅಲ್ಲವೇ?

ಗಂಗಾವತಿ ಅಡುಗೆಮನೆ:
ಅಲ್ಲಿ ಹಿಡಿಗಟ್ಟಲೆ ಹಾಕಿ, ನೀರು ಹಿಂಡಿ, ಬಿಸಿಲಿಗೆ ಹಾಕುತ್ತಾರೆ. ನಾವು ಸವರುವ ಚಿಟಿಕೆ ಉಪ್ಪು ಅತ್ತ ಕಾಯುವುದೂ ಇಲ್ಲ, ಇತ್ತ ಸುಮ್ಮನಿರುವುದೂ ಇಲ್ಲ. ನಾನು ತುಂಡುಗಳನ್ನು ಡಬ್ಬಿಗೆ ಹಾಕಿ, ಮುಳುಗುವಷ್ಟು ತಣ್ಣೀರು ಸುರಿದು ಗಟ್ಟಿ ಮಾಡುತ್ತೇನೆ. ಗಾಳಿ ಸೋಕುವುದೇ ಇಲ್ಲ.

ಹರಿಗೋಲು, ಆನೆಗೊಂದಿ:
ಡಬ್ಬಿ ತುಂಬ ನೀರು ಗಟ್ಟಿಯಾಗಲು ಒಂದು ರಾತ್ರಿಯೇ ಬೇಕು. ನಿಧಾನವಾಗಿ ಹೆಪ್ಪುಗಟ್ಟಿದಷ್ಟೂ ಒಳಗೆ ಮಂಜಿನ ಹರಳು ದೊಡ್ಡದಾಗಿ ಮಾಂಸವನ್ನು ಹರಿಯುತ್ತದೆ. ಕರಗಿಸುವಾಗ ರಸವೆಲ್ಲ ತಟ್ಟೆಗೆ. ತುಂಡುಗಳನ್ನು ತಟ್ಟೆಯ ಮೇಲೆ ಬಿಡಿಬಿಡಿಯಾಗಿ ಗಟ್ಟಿ ಮಾಡಿ, ಐಸ್ ನೀರಿನಲ್ಲಿ ಎರಡು ಮೂರು ಬಾರಿ ಅದ್ದಿ ತೆಗೆಯಿರಿ. ಗಾಜಿನಂತಹ ಪದರ ಕೂರುತ್ತದೆ. ಆಮೇಲೆ ಬಿಗಿಯಾಗಿ ಸುತ್ತಿ.

ಆದರೆ ನನ್ನ ಪ್ರಶ್ನೆ ಬೇರೆ. ಹೊಳೆದಂಡೆಯವರೇ, ಮೀನು ಬಿದ್ದದ್ದು ಎಷ್ಟು ಗಂಟೆಗೆ, ಕೊಯ್ದದ್ದು ಎಷ್ಟು ಗಂಟೆಗೆ?

ಹೊಳೆದಂಡೆ, ಮುನಿರಾಬಾದ್:
ಹನ್ನೆರಡಕ್ಕೆ ಬಿತ್ತು. ಗೋಣಿಚೀಲದಲ್ಲಿ ಬೈಕಿಗೆ ಕಟ್ಟಿಕೊಂಡು ಬಂದು ಕೊಯ್ಯುವಾಗ ನಾಲ್ಕಾಗಿತ್ತು.

ಹರಿಗೋಲು, ಆನೆಗೊಂದಿ:
ನಮ್ಮ ಕಡೆಯ ಮೇ ತಿಂಗಳ ಬಿಸಿಲಿನಲ್ಲಿ ನಾಲ್ಕು ತಾಸು! ಕರುಳಿನ ರಸ ಹೊಟ್ಟೆಯ ಗೋಡೆಯನ್ನು ಒಳಗಿನಿಂದಲೇ ಅರಗಿಸಲು ಆರಂಭಿಸಿರುತ್ತದೆ. ಫ್ರೀಜರ್ ಪಾಪ ಏನು ಮಾಡೀತು? ದಂಡೆಯಲ್ಲಿಯೇ ಕಿವಿರು ಕಿತ್ತು, ಹೊಟ್ಟೆ ಸೀಳಿ. ಚಾಕುವಿನ ತುದಿ ಆಳಕ್ಕೆ ಇಳಿಯಬಾರದು, ಪಿತ್ತ ಒಡೆದರೆ ಇಡೀ ಮೀನು ಕಹಿ. ಬೆನ್ನುಮೂಳೆಯ ಕೆಳಗೆ ಕಪ್ಪು ರಕ್ತದ ಗೆರೆಯೊಂದು ಅಂಟಿರುತ್ತದೆ, ಅದನ್ನು ಚಮಚದಿಂದ ಕೆರೆದು ತೊಳೆಯಿರಿ. ಹೆಚ್ಚಿನವರು ಮರೆಯುವುದು ಅಲ್ಲಿಯೇ. ಆಮೇಲೆ ಒಂದು ಕಿಲೋ ಮೀನಿಗೆ ಒಂದು ಕಿಲೋ ಐಸ್, ಹೊಟ್ಟೆಯೊಳಗೂ ಒಂದು ಹಿಡಿ.

ರಾಯಚೂರು ಬಿಸಿಲು:
ಒಂದೇ ಬಾಗಿಲಿನ ಫ್ರಿಜ್ಜಿನ ಮೇಲಿನ ಗೂಡು ಎಷ್ಟೋ ಬಾರಿ ಮೈನಸ್ 18 ಡಿಗ್ರಿ ಮುಟ್ಟುವುದೇ ಇಲ್ಲ, ಅದನ್ನೂ ಹೇಳಿ. ಜೊತೆಗೆ ವಿದ್ಯುತ್ ಕಡಿತ. ನಾನು ಒಂದು ಬಟ್ಟಲು ಮಂಜಿನ ಮೇಲೆ ನಾಣ್ಯವಿಟ್ಟಿರುತ್ತೇನೆ. ಊರಿಗೆ ಹೋಗಿ ಬಂದಾಗ ನಾಣ್ಯ ತಳ ಸೇರಿದ್ದರೆ ಮೀನನ್ನು ಮುಟ್ಟುವುದಿಲ್ಲ. ಕರಗಿ ಮತ್ತೆ ಗಟ್ಟಿಯಾದದ್ದು ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ.

ಸಿಂಧನೂರು ಸೊಸೆ:
ನಮ್ಮ ಮನೆಯಲ್ಲಿ ಮಣ್ಣುವಾಸನೆಗೂ ಫ್ರಿಜ್ಜನ್ನೇ ಬೈಯುತ್ತಾರೆ.

ಹರಿಗೋಲು, ಆನೆಗೊಂದಿ:
ಅದು ನೀರಿನ ಪಾಚಿಯಿಂದ ಮೀನಿಗೆ ಬಂದದ್ದು ತಂಗಿ. ಹುಣಸೆ ರಸದಲ್ಲಿ ಸ್ವಲ್ಪ ಹೊತ್ತು ನೆನೆಸಿ, ತಗ್ಗುತ್ತದೆ.

ಹೊಳೆದಂಡೆ, ಮುನಿರಾಬಾದ್:
ಈ ಭಾನುವಾರ ಥರ್ಮಾಕೋಲ್ ಡಬ್ಬಿ ಒಯ್ಯುತ್ತೇನೆ. ಆದರೆ ದಂಡೆಯಲ್ಲಿ ಐಸ್ ಎಲ್ಲಿಂದ ತರಲಿ?

ಗಂಗಾವತಿ ಅಡುಗೆಮನೆ:
ಶನಿವಾರ ರಾತ್ರಿಯೇ ನೀರಿನ ಬಾಟಲಿಗಳನ್ನು ಫ್ರೀಜರ್‌ನಲ್ಲಿಡಿ. ಮುಕ್ಕಾಲು ಮಾತ್ರ ತುಂಬಿಸಿ ಅಣ್ಣಾ, ಪೂರ್ತಿ ತುಂಬಿದರೆ ಒಡೆಯುತ್ತವೆ.